ಅಜ್ಜನ ಅಜ್ಜ ಯಾರು? ಇಗರ್ಜಿಯ (ಚರ್ಚಿನ) ಹಳೆ ಪುಸ್ತಕಗಳಲ್ಲಿ ಹಿರಿಯರನ್ನು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಕ್ರಿಸ್ಮಸ್ ಮುಗಿದ ಮರುದಿನ, ಹಳೆ ದಾಖಲೆ ಓದುವ ನಮ್ಮ ಬಳಗಕ್ಕೆ ಫೋನುಗಳು ಶುರು. ಕುವೈತಿನಿಂದಲೋ ಮುಂಬಯಿಯಿಂದಲೋ ಊರಿಗೆ ಬಂದವರು, "ನಾಡಿದ್ದು ಫ್ಲೈಟು, ಅಷ್ಟರೊಳಗೆ ನಮ್ಮ ವಂಶವೃಕ್ಷ ಸಿಗಬಹುದಾ?" ಅನ್ನುತ್ತಾರೆ. ಸಿಗುವುದಿಲ್ಲ. ಆದರೆ ಎರಡು ದಿನದಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅದನ್ನು ಪ್ರತಿಯೊಬ್ಬರಿಗೂ ಹೇಳಿ ಹೇಳಿ ಗಂಟಲು ಸೋತ ಮೇಲೆ ಹೀಗೆ ಬರೆದಿಡುವುದೇ ವಾಸಿ ಅನ್ನಿಸಿತು. ಹೆಚ್ಚಿನ ಉತ್ತರಗಳು ಕರಾವಳಿಯ ಕ್ಯಾಥೊಲಿಕ್ ಮನೆತನಗಳಿಗೆ ಸಂಬಂಧಿಸಿದವು. ಬೇರೆಯವರ ಪ್ರಶ್ನೆಗಳು ಕೊನೆಯ ಕಡೆಗೆ ಇವೆ.

ನಿಮ್ಮ ಬಳಗ ಏನು ಮಾಡುತ್ತದೆ? ಎಷ್ಟು ದುಡ್ಡು?

ನಾವು ಹತ್ತು ಹನ್ನೆರಡು ಜನ, ಹೆಚ್ಚಿನವರು ರಿಟೈರ್ ಆದವರು. ತಿಂಗಳಿಗೊಮ್ಮೆ ಸೇರಿ ಹಳೆ ದಾಖಲೆ ಓದುತ್ತೇವೆ, ಓದಲು ಬಾರದವರಿಗೆ ಓದಿ ಹೇಳುತ್ತೇವೆ. ದುಡ್ಡು ಇಲ್ಲ. ನಿಮ್ಮ ಪರವಾಗಿ ಚರ್ಚಿಗೆ ಹೋಗಿ ಹುಡುಕಿ ತಂದು ಕೊಡುವುದೂ ಇಲ್ಲ. ಅದು ನಿಮ್ಮ ಮನೆಯ ಕೆಲಸ.

ಎಲ್ಲಿಂದ ಶುರು ಮಾಡುವುದು?

ಚರ್ಚಿನಿಂದ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಪಕ್ಕದ ಕುರ್ಚಿಯಿಂದ. ಪುಸ್ತಕ ಇನ್ನೂ ಹತ್ತು ವರ್ಷ ಕಪಾಟಿನಲ್ಲಿರುತ್ತದೆ, ಅಜ್ಜಿ ಇರುವುದಿಲ್ಲ.

ಕೇಳುವುದಕ್ಕೂ ಒಂದು ಹದ ಬೇಕು. "ನಿಮ್ಮ ಮುತ್ತಜ್ಜನ ಹೆಸರೇನು?" ಎಂದು ಎದುರು ಕೂತು ಕೇಳಿದರೆ "ನೆನಪಿಲ್ಲ ಮಗಾ" ಎಂದು ಮಾತು ಮುಗಿಯುತ್ತದೆ. ನಮ್ಮ ಮಾವ್ಶಿಗೆ (ತಾಯಿಯ ಸೋದರಿಗೆ) 88 ವರ್ಷವಾಗಿದ್ದಾಗ ಹೀಗೇ ಕೇಳಿ ಎರಡು ಸಲ ಸೋತಿದ್ದೆ. ಮೂರನೇ ಸಲ ಬೇರೇನೋ ಮಾತಿಗೆ, "ನಿಮ್ಮ ರೋಸಿನ ದಿವಸ ತಲೆಗೆ ಮೊದಲು ತೆಂಗಿನ ಹಾಲು ಹಾಕಿದ್ದು ಯಾರು?" ಅಂದೆ. ರೋಸ್ ಅಂದರೆ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಶುರುವಾಯಿತು ನೋಡಿ. ಯಾವ ಮನೆಯ ಯಾವ ಹೆಂಗಸು ಮೊದಲು ಬಂದಳು, ಯಾರಿಗೆ ಕರೆಯೋಲೆ ತಲುಪದೆ ಸಿಟ್ಟಾಯಿತು, ಯಾರು ಮಳೆಯಲ್ಲಿ ದೋಣಿ ದಾಟಿ ಬಂದರು, ಎಲ್ಲ ಬಂತು. ಆ ಪಟ್ಟಿಯಲ್ಲಿದ್ದ ಒಬ್ಬಾಕೆಯ ಕುಳಾರ್, ಅಂದರೆ ತವರುಮನೆ, ಯಾವುದೆಂದು ತಿಳಿದದ್ದರಿಂದಲೇ ನಮಗೆ ಮುತ್ತಜ್ಜಿಯ ಧರ್ಮಕೇಂದ್ರ, ಅಂದರೆ ಆಕೆಯ ಮನೆ ಸೇರಿದ್ದ ಚರ್ಚು, ಸಿಕ್ಕಿತು.

ಆಮೇಲೆ ಪೆಟ್ಟಿಗೆ ತೆರೆಯಿರಿ. ಪ್ರಾರ್ಥನಾ ಪುಸ್ತಕದ ಒಳರಟ್ಟಿನಲ್ಲಿ ಮಕ್ಕಳ ಹುಟ್ಟಿದ ದಿನ ಬರೆದಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿತ್ತು. ಮರಣದ ವಾರ್ಷಿಕದ ಕಾರ್ಡು, ಶಾಲೆಯ ಟಿ.ಸಿ., ಮೂಲಗೇಣಿ (ಕಾಯಂ ಗೇಣಿ) ಚೀಟು, ಯಾವುದನ್ನೂ ಬಿಡಬೇಡಿ. 1974ರ ಭೂಸುಧಾರಣೆಯಲ್ಲಿ ಜಾಗ ಬಂದ ಮನೆಯಾದರೆ "ಡಿಕ್ಲರೇಶನ್" ಕೊಟ್ಟ ಕಾಗದ ಇದ್ದೇ ಇರುತ್ತದೆ. ನಮೂನೆ 7ರ ಜೊತೆ ಕೊಟ್ಟ ಹೇಳಿಕೆಗಳಲ್ಲಿ ಯಾರ ಕಾಲದಿಂದ ಆ ಗದ್ದೆ ಗೇಣಿಗೆ ಮಾಡುತ್ತಿದ್ದೆವು ಎಂದು ಅಜ್ಜನ ಹೆಸರು ಹೇಳಿರುತ್ತಾರೆ. ವಂಶ ಹುಡುಕುವವರು ಕಂದಾಯದ ಕಾಗದ ನೋಡುವುದೇ ಇಲ್ಲ, ಅದೇ ನನಗೆ ಸೋಜಿಗ.

ಚರ್ಚಿನ ಪುಸ್ತಕಗಳಲ್ಲಿ ಏನೇನು ಇರುತ್ತದೆ?

ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮತ್ತು ಮದುವೆಯ ದಾಖಲೆ ಇಡಲೇಬೇಕೆಂದು ಕ್ಯಾಥೊಲಿಕ್ ಸಭೆ ನಿಯಮ ಮಾಡಿದ್ದು 1563ರಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. 1614ರಲ್ಲಿ ರೋಮಿನ ವಿಧಿಗ್ರಂಥ ಮರಣದ ಪುಸ್ತಕವನ್ನೂ, ಮನೆಮನೆಯ ಜನರ ಪಟ್ಟಿಯನ್ನೂ ಸೇರಿಸಿತು. ಹಾಗಾಗಿ ಗೋವಾದಲ್ಲಾಗಲಿ ಮಂಗಳೂರಿನಲ್ಲಾಗಲಿ ಪುಸ್ತಕದ ಎಲುಬು ಒಂದೇ.

ದೀಕ್ಷಾಸ್ನಾನದ ಸಾಲಿನಲ್ಲಿ ಮಗುವಿನ ಹೆಸರು, ತಂದೆತಾಯಿ, ಊರು, ಗಾಡ್‌ಫಾದರ್ ಗಾಡ್‌ಮದರ್, ಪಾದ್ರಿಯ ಸಹಿ ಇರುತ್ತವೆ. ಎಷ್ಟೋ ಕಡೆ ಹುಟ್ಟಿದ ತಾರೀಕು ಇರುವುದಿಲ್ಲ, ದೀಕ್ಷಾಸ್ನಾನದ್ದು ಮಾತ್ರ. ಆದರೆ ಆಗ ಮಗುವನ್ನು ಕೆಲವೇ ದಿನದೊಳಗೆ ಚರ್ಚಿಗೆ ಒಯ್ಯುತ್ತಿದ್ದರು, ಆದ್ದರಿಂದ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ದೀಕ್ಷಾಸ್ನಾನದ ಸಾಲಿನ ಅಂಚನ್ನು ತಪ್ಪದೆ ನೋಡಿ. 1907ರಲ್ಲಿ ಹೊರಟು ಮರುವರ್ಷದ ಈಸ್ಟರಿನಿಂದ ಜಾರಿಯಾದ ರೋಮಿನ ಆಜ್ಞೆಯ ನಂತರ, ಆ ಮಗು ಮುಂದೆ ಯಾವಾಗ, ಎಲ್ಲಿ, ಯಾರನ್ನು ಮದುವೆಯಾಯಿತೆಂದು ಅದೇ ಅಂಚಿನಲ್ಲಿ ಬರೆಯಬೇಕಾಯಿತು. ಮುಂಬಯಿಯಲ್ಲಿ ಮದುವೆಯಾದ ಅಜ್ಜನ ಸುದ್ದಿ ಬೆಳ್ಮಣ್ಣಿನ ಪುಸ್ತಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಕೂತಿರುತ್ತದೆ.

ಮದುವೆಯ ಪುಸ್ತಕದಲ್ಲಿ ಇನ್ನೊಂದು ಬಂಗಾರದ ಗಟ್ಟಿ ಇದೆ, ರಕ್ತಸಂಬಂಧದ ವಿನಾಯಿತಿ. 1917ಕ್ಕಿಂತ ಮೊದಲು ನಾಲ್ಕನೇ ಡಿಗ್ರಿಯವರೆಗಿನ ಸಂಬಂಧಿಗಳು ಮದುವೆಯಾಗಬೇಕಾದರೆ ವಿನಾಯಿತಿ ಬೇಕಿತ್ತು. "ನಾಲ್ಕನೇ ಡಿಗ್ರಿಗೆ ವಿನಾಯಿತಿ ಸಿಕ್ಕಿದೆ" ಎಂದು ಪಾದ್ರಿ ಬರೆದಿದ್ದರೆ, ಗಂಡು ಹೆಣ್ಣು ಇಬ್ಬರಿಗೂ ಮುತ್ತಜ್ಜನ ಅಪ್ಪ ಒಬ್ಬನೇ ಎಂದು ಅರ್ಥ. ಒಂದು ಸಾಲಿನಲ್ಲಿ ನಾಲ್ಕು ತಲೆಮಾರು ಹಿಂದಕ್ಕೆ ಹೋದಿರಿ. ಕ್ಯಾಥೊಲಿಕ್ ಸಭೆಯ 1917ರ ಕಾನೂನು ಸಂಹಿತೆ ಇದನ್ನು ಮೂರನೇ ಡಿಗ್ರಿಗೆ ಇಳಿಸಿತು.

ಮರಣದ ಪುಸ್ತಕ ಬಡವ. ಹೆಸರು, ಅಂದಾಜು ವಯಸ್ಸು, ಹೂಳಿದ ದಿನ, ಅಷ್ಟೇ. ವಯಸ್ಸನ್ನು ನಂಬಬೇಡಿ. 60, 70, 80 ಎಂದು ಗುಂಡು ಸಂಖ್ಯೆಗಳೇ ಸಾಲುಗಟ್ಟಿ ಬರುತ್ತವೆ. ಸತ್ತವರ ವಯಸ್ಸು ಹೇಳಿದವರು ಹೆಣದ ಹಿಂದೆ ಬಂದ ನೆರೆಯವರು.

ಯಾವ ಚರ್ಚಿಗೆ ಹೋಗಬೇಕು? ನಮ್ಮದು ಈಗಿರುವ ಚರ್ಚಿಗೆ 100 ವರ್ಷವೂ ಆಗಿಲ್ಲ.

ಹಾಗಾದರೆ ಆ ಚರ್ಚು ಯಾವ ತಾಯಿಚರ್ಚಿನಿಂದ ಒಡೆದು ಬಂತೆಂದು ಕೇಳಿ. ಕುಲಶೇಖರದ ಕೊರ್ಡೆಲ್ ಚರ್ಚ್ ಶುರುವಾದದ್ದು 1873ರಲ್ಲಿ. ಅದಕ್ಕಿಂತ ಹಿಂದೆ ಅದೇ ಗುಡ್ಡದಲ್ಲಿ ಹುಟ್ಟಿದ ಮಗು ಬೇರೆ ಇಗರ್ಜಿಯ ಪುಸ್ತಕದಲ್ಲಿರುತ್ತದೆ. ಮನೆ ಕದಲಿಲ್ಲ, ಪುಸ್ತಕ ಮಾತ್ರ ಬದಲಾಯಿತು. ಪ್ರತಿ ಚರ್ಚಿನ ಶತಮಾನೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತಂದಿರುತ್ತಾರೆ, ಈ ಒಡೆಯುವಿಕೆಯ ಕತೆ ಅದರ ಮೊದಲ ಹತ್ತು ಪುಟದಲ್ಲಿ ಸಿಗುತ್ತದೆ.

ಮದುವೆ ಹುಡುಕುವುದಾದರೆ ಮೊದಲು ಹೆಣ್ಣಿನ ಕಡೆಯ ಚರ್ಚು. ಮದುವೆ ಸಾಮಾನ್ಯವಾಗಿ ವಧುವಿನ ಧರ್ಮಕೇಂದ್ರದಲ್ಲಿ ಆಗಬೇಕೆಂಬುದು 1917ರ ಸಂಹಿತೆಯಲ್ಲೇ ಇತ್ತು.

ಆಡಳಿತದ ಗಡಿಗಳು ತಲೆ ಕೆಡಿಸುತ್ತವೆ. ಮಂಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1886ರಲ್ಲಿ, ಚಿಕ್ಕಮಗಳೂರು 1963ರಲ್ಲಿ, ಉಡುಪಿ ಬೇರೆಯಾದದ್ದು 2012ರಲ್ಲಿ. ಕಾಸರಗೋಡು ಕೇರಳಕ್ಕೆ ಹೋದರೂ ಅಲ್ಲಿನ ಕೊಂಕಣಿ ಚರ್ಚುಗಳು ಮಂಗಳೂರಿನ ಜೊತೆಗೇ ಉಳಿದವು. ಕಾಫಿ ತೋಟಕ್ಕೆಂದು ಘಟ್ಟ ಹತ್ತಿದವರ ಮಕ್ಕಳನ್ನು ಚಿಕ್ಕಮಗಳೂರು, ಕೊಡಗಿನ ಕಡೆ ಹುಡುಕಬೇಕು.

19ನೇ ಶತಮಾನದಲ್ಲಿ ಇನ್ನೊಂದು ತೊಡಕು. ಗೋವಾದ ಆರ್ಚ್‌ಬಿಷಪ್ಪರ ಕೈಕೆಳಗಿನ ಪದ್ರೊವಾದೊ (ಪೋರ್ಚುಗೀಸ್ ರಾಜನ ಪೋಷಣೆಯ) ಪಾದ್ರಿಗಳು ಒಂದು ಕಡೆ, ರೋಮಿನ ಪ್ರೊಪಗಾಂಡ (ಮಿಶನ್ ನೋಡಿಕೊಳ್ಳುವ ಪೋಪರ ಇಲಾಖೆ) ಕಳಿಸಿದ ಪಾದ್ರಿಗಳು ಇನ್ನೊಂದು ಕಡೆ. 1838ರಲ್ಲಿ ಪೋಪ್ 16ನೇ ಗ್ರೆಗರಿಯವರ ಆಜ್ಞೆಯಿಂದ ಬಿಗಿಯಾದ ಈ ಜಗಳ 1886ರ ಒಪ್ಪಂದದ ತನಕ ಎಳೆಯಿತು. ಒಂದೇ ಮನೆಯ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಹೋದದ್ದೂ ಉಂಟು. 1840ರಿಂದ 1880ರ ನಡುವೆ ಒಬ್ಬ ಮಗ ಇದ್ದಕ್ಕಿದ್ದಂತೆ ಮಾಯವಾದರೆ ನೆರೆಯ ಚರ್ಚಿನ ಪುಸ್ತಕ ನೋಡದೆ ಸತ್ತನೆಂದು ಬರೆಯಬೇಡಿ.

ಹೋಗಿ ಕೇಳಿದರೆ ಪುಸ್ತಕ ತೋರಿಸುತ್ತಾರಾ?

ತೋರಿಸಬಹುದು, ತೋರಿಸದೆಯೂ ಇರಬಹುದು. ಅದು ಸಾರ್ವಜನಿಕ ಗ್ರಂಥಾಲಯ ಅಲ್ಲ. ಹಳೆ ಪುಸ್ತಕಗಳನ್ನು ಜೋಪಾನ ಮಾಡುವ ಹೊಣೆ ಸಭೆಯ ಕಾನೂನಿನ ಪ್ರಕಾರ ವಿಗಾರರ (ಚರ್ಚಿನ ಮುಖ್ಯ ಪಾದ್ರಿಯ) ಮೇಲಿದೆ, ಬದುಕಿರುವವರ ವಿವರ ಹೊರಗೆ ಹೋಗದಂತೆ ನೋಡಿಕೊಳ್ಳುವುದೂ ಅವರ ಕೆಲಸ.

ಆದಿತ್ಯವಾರ ಪೂಜೆ ಮುಗಿದ ಕೂಡಲೇ ಆಫೀಸಿನ ಬಾಗಿಲಿಗೆ ಹೋಗಬೇಡಿ. ಆಗ ಅಲ್ಲಿ ಮದುವೆಯ ಚೀಟಿ ಬರೆಸುವವರು, ಸರ್ಟಿಫಿಕೇಟ್ ಕೇಳುವವರು ಸಾಲು ನಿಂತಿರುತ್ತಾರೆ. ವಾರದ ದಿನ, ಮೊದಲೇ ಫೋನ್ ಮಾಡಿ, ಬೇಕಾದ ಹೆಸರು ಮತ್ತು ಅಂದಾಜು ಇಸವಿಯನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. "1860ರಿಂದ 1870ರ ದೀಕ್ಷಾಸ್ನಾನದ ಪುಸ್ತಕ, ಇಂಥ ವಾಡೊ (ವಾರ್ಡು)" ಎಂದರೆ ಕೆಲಸ ಆಗುತ್ತದೆ. "ನಮ್ಮ ಹಿರಿಯರ ಎಲ್ಲ ಡೀಟೇಲ್ಸ್ ಬೇಕು" ಎಂದರೆ ಯಾರಿಗಾದರೂ ಸುಸ್ತಾಗುತ್ತದೆ. ಗುರ್ಕಾರರ (ವಾಡೊದ ಮುಖಂಡರ) ಪರಿಚಯ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ.

ಪುಸ್ತಕ ಮುಂದೆ ಬಂದ ಮೇಲೆ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಬೇಡಿ, ಫ್ಲಾಶ್ ಹಾಕಬೇಡಿ. ಹಳೆಯ ಕಪ್ಪು ಶಾಯಿ ಕಾಗದವನ್ನೇ ಸುಟ್ಟಿರುತ್ತದೆ. "ಒ" ಇದ್ದಲ್ಲಿ ಅಕ್ಷರದ ಹೊಟ್ಟೆ ಉದುರಿ ದುಂಡನೆಯ ತೂತು ಉಳಿದದ್ದನ್ನು ನಾನು ಕಂಡಿದ್ದೇನೆ. ಅಂಥ ಪುಟದ ಹಿಂದೆ ಬಿಳಿ ಕಾಗದ ಇಟ್ಟರೆ ತೂತುಗಳನ್ನೇ ಓದಬಹುದು. ಒಂದು ಚರ್ಚಿನಲ್ಲಿ ಮಾತ್ರ ಯಾರೋ ಪುಣ್ಯಾತ್ಮರು ಹರಿದ ಪುಟಗಳಿಗೆಲ್ಲ ಸೆಲ್ಲೊಟೇಪ್ ಹಚ್ಚಿದ್ದರು. ಇಪ್ಪತ್ತು ವರ್ಷದಲ್ಲಿ ಟೇಪು ಹಳದಿಯಾಗಿ ಎದ್ದು ಬಂದಾಗ ಅಕ್ಷರಗಳೂ ಅದರ ಜೊತೆಗೇ ಎದ್ದು ಬಂದಿದ್ದವು.

ಬರೆದದ್ದು ಓದಲಿಕ್ಕೇ ಆಗುವುದಿಲ್ಲ. ಯಾವ ಭಾಷೆ ಅದು?

ಹಳೆಯವು ಪೋರ್ಚುಗೀಸ್ ಅಥವಾ ಲ್ಯಾಟಿನ್, ಆಮೇಲಿನವು ಇಂಗ್ಲಿಷ್. ಹೆದರಬೇಡಿ, ಒಂದೇ ವಾಕ್ಯ ಸಾವಿರ ಸಲ ಬರುತ್ತದೆ. ಹತ್ತು ಪದ ಕಲಿತರೆ ಸಾಕು. ಲ್ಯಾಟಿನ್ನಿನಲ್ಲಿ "ಬಾಪ್ತಿಜಾವಿ" ಎಂದರೆ ನಾನು ದೀಕ್ಷಾಸ್ನಾನ ಕೊಟ್ಟೆ. "ಫಿಲಿಯುಸ್" ಮಗ, "ಫಿಲಿಯಾ" ಮಗಳು, "ಪತ್ರಿನಿ" ಗಾಡ್‌ಫಾದರ್ ಗಾಡ್‌ಮದರ್, "ಸೆಪುಲ್ತುಸ್" ಹೂಳಲ್ಪಟ್ಟವನು. "ವಿದುವಾ" ನಿಮಗೆ ಹೇಳಿಕೊಡಬೇಕಾಗಿಯೇ ಇಲ್ಲ, ನಮ್ಮ ವಿಧವೆಯ ಅಕ್ಕತಂಗಿ ಅದು. ಪೋರ್ಚುಗೀಸಿನಲ್ಲಿ "ಫಲೆಸೆವ್" ಎಂದರೆ ತೀರಿಕೊಂಡರು, "ಸೊಲ್ತೈರು" ಮದುವೆಯಾಗದವನು.

ಎರಡು ಗುಂಡಿಗಳಿವೆ, ಎಲ್ಲರೂ ಒಮ್ಮೆ ಬೀಳುತ್ತಾರೆ. ಒಂದು, ತಿಂಗಳು. "7ಬ್ರಿಸ್" ಎಂದು ಬರೆದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. "ಸೆಪ್ಟೆಂ" ಎಂದರೇ ಏಳು, ಪಾದ್ರಿ ಅಂಕಿ ಹಾಕಿ ಶಾಯಿ ಉಳಿಸಿದ. ಹಾಗೆಯೇ "8ಬ್ರಿಸ್" ಅಕ್ಟೋಬರ್, "10ಬ್ರಿಸ್" ಡಿಸೆಂಬರ್. ಎರಡು, "ನೆಪೋಸ್" ಎಂಬ ಲ್ಯಾಟಿನ್ ಪದ. ಮೊಮ್ಮಗನೂ ಅದೇ, ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಗನೂ ಅದೇ.

ಹೆಸರುಗಳು ವೇಷ ಬದಲಿಸುತ್ತವೆ. ಮನೆಯಲ್ಲಿ ಜುವಾಂವ್, ಪುಸ್ತಕದಲ್ಲಿ ಜೊವಾನ್ನೆಸ್, ಶಾಲೆಯಲ್ಲಿ ಜಾನ್. ಇನಾಸ್ ಎಂದರೆ ಇಗ್ನಾತಿಯುಸ್. ಲುವಿಸ್ ಮಾತ್ರ ಲುದೊವಿಕುಸ್ ಆಗಿಯೂ ಬರುತ್ತಾನೆ, ಅಲೋಯ್ಸಿಯುಸ್ ಆಗಿಯೂ ಬರುತ್ತಾನೆ.

ಒಂದೇ ಧರ್ಮಕೇಂದ್ರದಲ್ಲಿ ಒಂದೇ ಹೆಸರಿನ ನಾಲ್ಕು ಜನ ಸಿಗುತ್ತಾರೆ. ನಮ್ಮವರು ಯಾರು?

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯದಕ್ಕೆ ತಾಯಿಯ ತಂದೆಯ ಹೆಸರು ಇಡುವುದು ನಮ್ಮಲ್ಲಿ ಸಂಪ್ರದಾಯ. ಅಜ್ಜ ಪಾಸ್ಕಾಲನಿಗೆ ಐವರು ಗಂಡುಮಕ್ಕಳಿದ್ದರೆ, ಹತ್ತು ಹದಿನೈದು ವರ್ಷದಲ್ಲಿ ಐದು ಮನೆಯಲ್ಲಿ ಐದು ಪಾಸ್ಕಾಲ್. ಅಡ್ಡಹೆಸರೂ ಒಂದೇ, ಊರೂ ಒಂದೇ. ಈ ಸಂಪ್ರದಾಯ ನಿಮ್ಮನ್ನು ದಾರಿ ತಪ್ಪಿಸುವುದೂ ಹೌದು, ಅಜ್ಜನ ಹೆಸರನ್ನು ಊಹಿಸಲು ದಾರಿ ತೋರಿಸುವುದೂ ಹೌದು.

ನಾನು ನನ್ನ ಮುತ್ತಜ್ಜ ಪಾಸ್ಕಾಲನನ್ನು ಹುಡುಕಿದ್ದು ಹೀಗೆ. ಎಂಟು ವರ್ಷದ ಪುಟಗಳಲ್ಲಿ ಮೂವರು ಪಾಸ್ಕಾಲ್ ಡಿಸೋಜ ಸಿಕ್ಕರು. ಇಬ್ಬರ ತಂದೆಯ ಹೆಸರೂ ಜುವಾಂವ್. ಕೈಚೆಲ್ಲಿ ಎದ್ದು ಬಂದಿದ್ದೆ. ಬಳಗದ ಹಿರಿಯರೊಬ್ಬರು ಕೇಳಿದರು, "ಗಾಡ್‌ಮದರ್ ಯಾರೆಂದು ಬರೆದುಕೊಂಡೆಯಾ?" ಇಲ್ಲ. ನನಗೆ ಅದು ಬೇಡದ ಕಾಲಂ. ಮರಳಿ ಹೋಗಿ ನೋಡಿದರೆ ಒಬ್ಬ ಪಾಸ್ಕಾಲನ ಗಾಡ್‌ಮದರ್ ಹೆಸರು ಮೊನಿಕಾ, ಪಕ್ಕದಲ್ಲಿ ಆಕೆಯ ಊರು. ಆ ಊರಿನ ಹೆಸರು ನಾನು ಕೇಳಿದ್ದೆ. ಮಾವ್ಶಿ ಹೇಳಿದ ರೋಸಿನ ಪಟ್ಟಿಯಲ್ಲಿ ದೋಣಿ ದಾಟಿ ಬಂದ ಮನೆಯವರದ್ದೇ ಆ ಊರು. ಮೊನಿಕಾ ಮಗುವಿನ ಸೋದರತ್ತೆ. ನೂರು ಚಿಲ್ಲರೆ ವರ್ಷದ ಹಿಂದೆ ಮಗುವನ್ನು ಎತ್ತಿಕೊಂಡು ನಿಂತ ಆ ಮನೆಯ ನಂಟು ಮಾವ್ಶಿಯ ಮದುವೆಯ ತನಕವೂ ಕಡಿದಿರಲಿಲ್ಲ.

ಅದಕ್ಕೇ ನಮ್ಮ ಬಳಗದಲ್ಲಿ ಒಂದೇ ಕಟ್ಟಪ್ಪಣೆ: ಸಾಲು ಪೂರ್ತಿ ಬರೆದುಕೊಳ್ಳಿ. ಗಾಡ್‌ಫಾದರ್, ಗಾಡ್‌ಮದರ್, ಮದುವೆಯ ಇಬ್ಬರು ಸಾಕ್ಷಿಗಳು, ಎಲ್ಲರೂ ಬೇಕು. ಬೀದಿಯಲ್ಲಿ ಹೋಗುವವರನ್ನು ಯಾರೂ ಗಾಡ್‌ಮದರ್ ಮಾಡುವುದಿಲ್ಲ. ಅಪ್ಪನ ಹೆಸರಿನಿಂದ ಮನೆ ಸಿಗದಿದ್ದಾಗ ಮಗು ಎತ್ತಿಕೊಂಡವಳ ಹೆಸರಿನಿಂದ ಸಿಗುತ್ತದೆ. ಒಬ್ಬ ದಂಪತಿಯ ಎಲ್ಲ ಮಕ್ಕಳ ದೀಕ್ಷಾಸ್ನಾನವನ್ನೂ ಬರೆದು, ಗಾಡ್‌ಪೇರೆಂಟ್ಸ್ ಹೆಸರುಗಳನ್ನು ಕೆಳಗೆ ಕೆಳಗೆ ಇಟ್ಟು ನೋಡಿ. ಚಿಕ್ಕಪ್ಪ, ಸೋದರಮಾವ, ಅತ್ತೆ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ.

1784ಕ್ಕಿಂತ ಹಿಂದಕ್ಕೆ ಹೋಗಬಹುದೇ?

ಚರ್ಚಿನ ಪುಸ್ತಕದಿಂದಾದರೆ ಆಸೆ ಇಟ್ಟುಕೊಳ್ಳಬೇಡಿ. ಎರಡನೇ ಆಂಗ್ಲೊ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದು 1784ರಲ್ಲಿ. ಫೆಬ್ರವರಿ 24, ಬೂದಿ ಬುಧವಾರ ಎಂದು ಸಮುದಾಯದ ನೆನಪು. ಸೆರೆ ಹೋದವರು 30,000 ಎನ್ನುವವರಿದ್ದಾರೆ, 80,000 ಎನ್ನುವವರೂ ಇದ್ದಾರೆ. ಇಷ್ಟು ಅಂತರ ಇರುವ ಲೆಕ್ಕವನ್ನು ನಿಮ್ಮ ಮನೆಯ ಕತೆಯಲ್ಲಿ ಖಚಿತವೆಂಬಂತೆ ಬರೆಯಬೇಡಿ. ಚರ್ಚುಗಳನ್ನು ಕೆಡವಲಾಯಿತು, ಅವುಗಳೊಂದಿಗೆ ಪುಸ್ತಕಗಳೂ ಹೋದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿ ಬಂದು ಚರ್ಚು ಕಟ್ಟಿದರು, ಹೊಸ ಪುಸ್ತಕ ತೆರೆದರು. ನಿಮ್ಮ ಹುಡುಕಾಟದ ಗೋಡೆ ಸಾಮಾನ್ಯವಾಗಿ ಅಲ್ಲೇ ಎದ್ದಿರುತ್ತದೆ.

ಎಲ್ಲರೂ ಊರಿಗೆ ಮರಳಲಿಲ್ಲ ಎಂಬುದನ್ನು ನೆನಪಿಡಿ. ಸೆರೆಯಿಂದ ತಪ್ಪಿಸಿಕೊಂಡ ಒಂದಷ್ಟು ಕುಟುಂಬಗಳಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರದ್ದು. "ನಮ್ಮ ಒಂದು ಕವಲು ಕೊಡಗಿನಲ್ಲಿದೆಯಂತೆ" ಎಂದು ಅಜ್ಜಿ ಹೇಳಿದ್ದರೆ ತಳ್ಳಿಹಾಕಬೇಡಿ.

"ನಮ್ಮ ವಂಶವೃಕ್ಷ 1560ರ ತನಕ ಇದೆ" ಎಂದು ಫ್ರೇಮ್ ಹಾಕಿಸಿ ತೂಗುಹಾಕಿದವರೂ ಇದ್ದಾರೆ. ಕೆಲವು ದೊಡ್ಡ ಮನೆತನಗಳು ಬರಹದಲ್ಲಿ ಇಟ್ಟುಕೊಂಡದ್ದು ನಿಜ. ಉಳಿದವುಗಳಲ್ಲಿ 1800ರ ಹಿಂದಿನ ಕೊಂಬೆಗಳಿಗೆ ಯಾವ ಕಾಗದ ಆಧಾರ ಎಂದು ವಿನಯದಿಂದ ಕೇಳಿ ನೋಡಿ.

ಗೋವಾದಲ್ಲಿ ನಮ್ಮ ಮೂಲಗ್ರಾಮ ಯಾವುದೆಂದು ತಿಳಿಯಬಹುದೇ?

ಊರಿನ ಹೆಸರು ಮನೆಯಲ್ಲಿ ಉಳಿದಿದ್ದರೆ ಮಾತ್ರ. ಬಾರ್ದೇಸ್ ಮತ್ತು ಸಾಲ್ಸೆಟ್ 1543ರಲ್ಲಿ ಪೋರ್ಚುಗೀಸರ ಕೈಸೇರಿದವು. ಆಮೇಲೆ ಬಿಜಾಪುರದ ದಾಳಿ, 1560ರಲ್ಲಿ ಬಂದ ಇಂಕ್ವಿಸಿಷನ್ (ಚರ್ಚಿನ ಮತವಿಚಾರಣೆ), ಬರಗಾಲ, 1683ರ ಸಂಭಾಜಿಯ ದಂಡು, 1739ರ ಸುಮಾರಿಗೆ ಮರಾಠರ ಇನ್ನೊಂದು ದಂಡು. ಗೋವಾದಿಂದ ಜನ ಇಲ್ಲಿಗೆ ಒಂದೇ ಸಲ ಬರಲಿಲ್ಲ, ಅಲೆ ಅಲೆಯಾಗಿ ಬಂದರು. ನಿಮ್ಮವರು ಯಾವ ಅಲೆಯಲ್ಲಿ ಬಂದರೆಂದು ಅಡ್ಡಹೆಸರು ಹೇಳುವುದಿಲ್ಲ. ಗ್ರಾಮದ ಹೆಸರು ಖಾತ್ರಿ ಇದ್ದರೆ ಪಣಜಿಯ ಪತ್ರಾಗಾರದಲ್ಲೂ ಆ ಗ್ರಾಮದ ಚರ್ಚಿನಲ್ಲೂ ಕೇಳಬಹುದು. ಇಲ್ಲಿನ ಸರಪಳಿ ಗಟ್ಟಿಯಾಗುವ ಮುನ್ನ ಅಲ್ಲಿಗೆ ಹೋದರೆ ಸಮುದ್ರ ನೋಡಿ ಬರಬಹುದು, ಅಷ್ಟೇ.

ನಮ್ಮ ಅಡ್ಡಹೆಸರು ಮೊದಲು ಪ್ರಭು ಅಂತ ಇತ್ತಂತೆ. ನಿಜವಾ?

ಇರಬಹುದು. ಪ್ರಭು, ಕಾಮತ್, ಪೈ, ಶೆಣೈ, ಶೇಟ್ ಎಂಬ, ಕ್ರೈಸ್ತರಾಗುವ ಮೊದಲಿನ ಹಳೆ ಹೆಸರನ್ನು ನೆನಪಿಟ್ಟುಕೊಂಡ, ಜೋಡಿಸಿಯೇ ಬರೆಯುವ ಮನೆತನಗಳಿವೆ. ಆದರೆ ಪ್ರಭು ಎಂದು ಹೇಳಿಕೊಳ್ಳಲು ಎಲ್ಲರಿಗೂ ಇಷ್ಟ, ಹೊಲ ಉತ್ತವರ ಮಕ್ಕಳೆಂದು ಹೇಳಿಕೊಳ್ಳಲು ಯಾಕೋ ಯಾರೂ ಮುಂದೆ ಬರುವುದಿಲ್ಲ. ಡಿಸೋಜ, ಪಿಂಟೊ, ಲೋಬೊಗಳೆಲ್ಲ ಒಂದೇ ಬೇರಿನವರೆಂದೂ ತಿಳಿಯಬೇಡಿ. ದೀಕ್ಷಾಸ್ನಾನದ ಹೊತ್ತಿಗೆ ಪಾದ್ರಿಯದ್ದೋ ಮುಂದೆ ನಿಂತ ಪೋರ್ಚುಗೀಸರದ್ದೋ ಹೆಸರು ಸಿಗುತ್ತಿತ್ತು, ಅದಕ್ಕೂ ರಕ್ತಕ್ಕೂ ಸಂಬಂಧವಿಲ್ಲ.

ನಾವು ಬಾಸೆಲ್ ಮಿಶನ್ ಸಭೆಯವರು. ನಮಗೆ?

ನಿಮ್ಮ ದಾರಿ ಚಿಕ್ಕದು, ಆದರೆ ಬೆಳಕು ಹೆಚ್ಚು. ಈ ಪ್ರೊಟೆಸ್ಟಂಟ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅದಕ್ಕಿಂತ ಹಿಂದೆ ಸಭೆಯ ಪುಸ್ತಕ ಇರಲು ಸಾಧ್ಯವಿಲ್ಲ. ಸಭಾಪಾಲಕರ ಬಳಿ ಇರುವ ರಿಜಿಸ್ಟರಿನಿಂದ ಶುರು ಮಾಡಿ, ಆಮೇಲೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ, ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ನಿನ ಪತ್ರಾಗಾರ. ಅಲ್ಲಿನ ಸಾವಿರಾರು ಹಳೆ ಫೋಟೊಗಳನ್ನು ಮನೆಯಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ನೋಡಬಹುದು. ಹಂಚಿನ ಕಾರ್ಖಾನೆ, ನೇಯ್ಗೆ, ಪ್ರೆಸ್ಸು, ಇವುಗಳಲ್ಲಿ ಕೆಲಸ ಮಾಡಿದವರ ಗುಂಪು ಚಿತ್ರಗಳಿವೆ. ಕೈಬರಹದ ವರದಿಗಳು ಮಾತ್ರ ಹಳೆಯ ಜರ್ಮನ್ ಲಿಪಿಯಲ್ಲಿವೆ, ಈಗಿನ ಜರ್ಮನರಿಗೇ ಓದಲು ತಿಣುಕಾಟ. ನಿಮಗೊಂದು ಅನುಕೂಲವೂ ಇದೆ. ಕರ್ಕಡ, ಕುಂದರ್ ಮುಂತಾಗಿ ಊರಿನ ಹೆಸರು, ಬಳಿಯ (ಕುಲದ) ಹೆಸರು ಅಡ್ಡಹೆಸರಾಗಿ ಉಳಿದುಕೊಂಡಿವೆ.

ನಮ್ಮಜ್ಜ ಕೆಜಿಎಫ್‌ನ ಆಂಗ್ಲೊ-ಇಂಡಿಯನ್. ಅಥವಾ ಬೆಂಗಳೂರು ಕಂಟೋನ್ಮೆಂಟಿನವರು.

ಹಾಗಾದರೆ ನಿಮ್ಮ ದಾಖಲೆಯ ನಕಲು ಲಂಡನ್ನಿನಲ್ಲಿರಬಹುದು. ಮದ್ರಾಸ್ ಪ್ರೆಸಿಡೆನ್ಸಿಯ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪಟ್ಟಿಗಳ ನಕಲನ್ನು ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಎಂಬ ಸಾಲಿನಲ್ಲಿವೆ. ಬಂಗಾಳದ್ದು ಎನ್/1, ಬೊಂಬಾಯಿಯದ್ದು ಎನ್/3. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ ಎಂಬ ಸಂಘ 1998ರಿಂದ ಇದೇ ಕೆಲಸ ಮಾಡುತ್ತಿದೆ, ಅವರ ಸೂಚಿಯಲ್ಲಿ ಪುಕ್ಕಟೆ ಹುಡುಕಬಹುದು.

ನಾವು ಕ್ರೈಸ್ತರಲ್ಲ. ನಮಗೆ ಇಂಥ ಪುಸ್ತಕವೇ ಇಲ್ಲವಲ್ಲ?

ಇದೆ, ಬೇರೆಯವರ ಕೈಯಲ್ಲಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಾದರೆ ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ಕೇಳಿ. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆಯ ಮುಂದೆ ಕೂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು. ಈಗ ಎತ್ತಿನ ಬದಲು ಗಾಡಿ ಬಂದಿದೆ, ಪುಸ್ತಕ ಉಳಿದಿದೆ. ಚರ್ಚಿನ ಪುಸ್ತಕಕ್ಕಿಂತ ಇದು ಒಂದು ವಿಷಯದಲ್ಲಿ ಮೇಲು, ಸರಪಳಿ ಕಟ್ಟಿಯೇ ಬರೆದಿರುತ್ತಾರೆ. ಇನ್ನೊಂದರಲ್ಲಿ ಕಡಿಮೆ, ಹೆಣ್ಣುಮಕ್ಕಳು ಅಷ್ಟಾಗಿ ಕಾಣುವುದಿಲ್ಲ.

ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಎಲ್ಲ ತಿರುವುಮುರುವು, ಹುಡುಕಬೇಕಾದದ್ದು ತಾಯಿಯ ತಾಯಿಯನ್ನು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ನಂತರ ಪಾಲಿನ ದಾವೆಗಳು ಬಹಳ ನಡೆದವು. ಆ ಫೈಲುಗಳಲ್ಲಿ ಲಗತ್ತಿಸಿದ ವಂಶಾವಳಿಗಿಂತ ಒಳ್ಳೆಯ ವಂಶಾವಳಿ ನಾನು ನೋಡಿಲ್ಲ, ಯಾಕೆಂದರೆ ಒಂದು ಹೆಸರು ತಪ್ಪಿದರೂ ಎದುರು ಪಕ್ಷದ ವಕೀಲರು ಬಿಡುತ್ತಿರಲಿಲ್ಲ. ಗೋಕರ್ಣ, ಗಯಾ, ಹರಿದ್ವಾರಕ್ಕೆ ಹಿರಿಯರು ಹೋಗಿದ್ದರೆ ಅಲ್ಲಿನ ಪುರೋಹಿತರ ಬಳಿ ಕೇಳಿ ನೋಡಿ. ಹರಿದ್ವಾರದ ವಹಿಗಳಲ್ಲಿ ಯಾತ್ರಿಕರೇ ತಮ್ಮ ಕೈಯಾರೆ ಬರೆದ ಸಾಲುಗಳಿವೆ.

ಡಿಎನ್‌ಎ ಟೆಸ್ಟ್ ಮಾಡಿಸಲೇ?

ದುಡ್ಡು ಹೆಚ್ಚಿದ್ದರೆ ಮಾಡಿಸಿ. ಅದು ದೂರದ ನೆಂಟರನ್ನು ತೋರಿಸಬಹುದು, ಅವರಿಗೂ ನಿಮಗೂ ಸೇರಿದ ಆ ಮುತ್ತಜ್ಜನ ಹೆಸರೇನೆಂದು ಹೇಳುವುದಿಲ್ಲ. ಅದಕ್ಕೆ ಮತ್ತೆ ಪುಸ್ತಕಕ್ಕೇ ಬರಬೇಕು.

ಪುಸ್ತಕದಲ್ಲಿ ಬೇಡದ ಸಂಗತಿ ಸಿಕ್ಕರೆ?

ಸಿಗುತ್ತದೆ. ತಂದೆಯ ಹೆಸರಿನ ಜಾಗದಲ್ಲಿ "ಇಗ್ನೋತುಸ್", ಗೊತ್ತಿಲ್ಲ, ಎಂದಿರುವುದು. ಮದುವೆಯಾದ ನಾಲ್ಕೇ ತಿಂಗಳಿಗೆ ಮಗು. ಅನಾಥಾಲಯದಿಂದ ಬಂದ ಕೂಸು. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ, ಆದರೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆ ಮಗುವಿನ ಮಕ್ಕಳು ಬದುಕಿದ್ದರೆ ಮೊದಲು ಅವರಿಗೆ, ಒಬ್ಬರೇ ಇರುವಾಗ, ಕೇಳಿದರೆ ಮಾತ್ರ ಹೇಳಿ. ಬಳಗದಲ್ಲಿ ಒಮ್ಮೆ ಇದನ್ನು ಮರೆತು ಒಬ್ಬರು ಊಟದ ಹೊತ್ತಿಗೆ ಬಾಯಿಬಿಟ್ಟರು. ಆ ಮನೆಯ ಎರಡು ಕವಲು ಈಗಲೂ ಮಾತಾಡುವುದಿಲ್ಲ.

ಸಿಕ್ಕಿದ್ದನ್ನು ಹೇಗೆ ಬರೆದಿಡಬೇಕು?

ಪ್ರತಿ ಹೆಸರಿನ ಪಕ್ಕ ಯಾವ ಚರ್ಚು, ಯಾವ ಪುಸ್ತಕ, ಯಾವ ಪುಟ ಎಂದು ಹಾಕಿ. ಯಾರೋ ಬಾಯಲ್ಲಿ ಹೇಳಿದ್ದಾದರೆ ಹೇಳಿದವರ ಹೆಸರು, ತಾರೀಕು. ಊಹೆಯಾದರೆ ಊಹೆ ಎಂದೇ ಬರೆಯಿರಿ. ಕಂಪ್ಯೂಟರಿನಲ್ಲಿ ಇಟ್ಟರೂ ಒಂದು ಪ್ರತಿ ಕಾಗದದಲ್ಲಿರಲಿ, ಒಂದನ್ನು ಚರ್ಚಿನ ಆಫೀಸಿಗೂ ಕೊಡಿ. ಮುಂದೆ ಅದೇ ಮನೆ ಹುಡುಕಿಕೊಂಡು ಬರುವ ದೂರದ ದಾಯಾದಿಗೆ ವಿಗಾರರು ತೋರಿಸಬಹುದು.

ಹಳೆ ಫೋಟೊಗಳ ಹಿಂದೆ ಹೆಸರು ಬರೆಯುವಾಗ ಮೆತ್ತನೆಯ ಪೆನ್ಸಿಲ್ ಹಿಡಿಯಿರಿ. ಎಡದಿಂದ ಬಲಕ್ಕೆ, ಕೂತವರು ಮೊದಲು, ನಿಂತವರು ಆಮೇಲೆ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂದಿನ ಬದಿಗೆ ಗೀರು ಏಳುತ್ತದೆ. ನಮ್ಮ ಮನೆಯ ಒಂದೇ ಒಂದು ಹಳೆ ಫೋಟೊದಲ್ಲಿ ಮುತ್ತಜ್ಜಿಯ ಕೆನ್ನೆಯ ಮೇಲೆ "1931" ಎಂದು ಉಲ್ಟಾ ಮೂಡಿದೆ.